ಕುಶನ್ ಕವರ್ ಚೆನ್ನಾಗಿದೆ, ಅದರೊಳಗೆ ಸ್ವಿಚ್ ಬೋರ್ಡ್ ಹೇಗೆ ಬಂತು?

ಐದಕ್ಕೆ ಎರಡು ಸ್ಟಾರ್. ಎರಡೂ ಹೊಲಿಗೆಗೆ. ಚಿತ್ತಾರಕ್ಕೆ ಸೊನ್ನೆ.

ತರಿಸಿದ್ದು ಹಸೆ ಚಿತ್ತಾರದ, ಅಂದರೆ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ತಾರದ, ಕುಶನ್ ಕವರ್. ಎರಡರ ಸೆಟ್, 16 ಇಂಚು ಚೌಕ, ಬೆಲೆ 899 ರೂಪಾಯಿ. ಅಂಗಡಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಕೂತು ಕರಕುಶಲ ವಸ್ತು ಮಾರುವ ಒಬ್ಬರು ಅಂತಷ್ಟೇ ಇಟ್ಟುಕೊಳ್ಳಿ. ನಾನು ಸಾಗರದಲ್ಲಿ ಬಟ್ಟೆ ಚೀಲ ಹೊಲಿದು ವಾಟ್ಸಾಪ್, ಇನ್‌ಸ್ಟಾಗ್ರಾಮಿನಲ್ಲಿ ಮಾರುವವಳು. ಹಾಗಾಗಿ ಯಾರ ಮನೆಗೆ ಏನು ಪಾರ್ಸೆಲ್ ಬಂದರೂ ಮೊದಲು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುವ ಚಟ ನನಗೆ.

ಹೊಲಿಗೆ ನಿಜಕ್ಕೂ ಚೆನ್ನಾಗಿದೆ. ದಪ್ಪ ಕಾಟನ್, ಒಳಗಡೆ ಓವರ್‌ಲಾಕ್ ಮಾಡಿದ್ದಾರೆ, ನೂಲು ಎಲ್ಲೂ ಬಿಟ್ಟಿಲ್ಲ. ಜಿಪ್ ಮಡಿಕೆಯೊಳಗೆ ಅಡಗಿ ಕೂತಿದೆ, ಮೂಲೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕೆಮ್ಮಣ್ಣಿನ ಬಣ್ಣ ಸರಿಯಾಗಿ ಹಿಡಿದಿದ್ದಾರೆ, ಇಟ್ಟಿಗೆ ಕೆಂಪಿಗೂ ಹೋಗಿಲ್ಲ, ಕಾವಿಗೂ ಹೋಗಿಲ್ಲ. ಬಿಳಿ ಬಟ್ಟೆಯ ಜೊತೆ ಬಕೆಟ್ಟಿನಲ್ಲಿ ನೆನೆಸಿಟ್ಟೆ, ಬಣ್ಣ ಬಿಡಲಿಲ್ಲ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಒಂದು ಕಥೆ, ಆದರೂ ಮುಗ್ಗಲು ವಾಸನೆ ಹಿಡಿಯಲಿಲ್ಲ. ಪ್ಯಾಕಿಂಗಿನಲ್ಲಿ ಪ್ಲಾಸ್ಟಿಕ್ ಇಲ್ಲ, ಬರೀ ಕಂದು ಕಾಗದ, ಸೆಣಬಿನ ದಾರ. ಇಷ್ಟೇ ಬರೆದು ನಿಲ್ಲಿಸುವುದಾದರೆ ನಾಲ್ಕು ಸ್ಟಾರ್ ಕೊಟ್ಟುಬಿಡುತ್ತಿದ್ದೆ.

ಪಾರ್ಸೆಲ್ ಒಳಗೆ ಒಂದು ಕಾರ್ಡ್ ಇತ್ತು. 'ಮಲೆನಾಡಿನ ಬುಡಕಟ್ಟು ಮಹಿಳೆಯರು ಕೈಯಲ್ಲೇ ಬರೆದದ್ದು' ಅಂತ. ಹಸೆ ಚಿತ್ತಾರ ನಮ್ಮ ಸಾಗರ, ಸೊರಬ, ಹೊಸನಗರ ಕಡೆಯ ದೀವರ ಹೆಂಗಸರ ಕಲೆ. ದೀವರು ಗದ್ದೆ ತೋಟ ಮಾಡುವವರು. ಬುಡಕಟ್ಟು ಅಂತ ಬರೆದರೆ ಜಾಸ್ತಿ ಮಾರಾಟ ಆಗುತ್ತೆ ಅಂತ ಯಾರೋ ಹೇಳಿರಬೇಕು. ಅದು ಹೋಗಲಿ. 'ಕೈಯಲ್ಲೇ ಬರೆದದ್ದು' ಅನ್ನುವುದನ್ನು ಮಾತ್ರ ಬಿಡಲಿಕ್ಕೆ ಆಗುವುದಿಲ್ಲ. ಎರಡೂ ಕವರನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದೆ. ಒಂದು ಗೆರೆಯೂ ಆಚೀಚೆ ಇಲ್ಲ. ಕೈಯಲ್ಲಿ ಎಳೆದ ಗೆರೆ ಶುರುವಿನಲ್ಲಿ ದಪ್ಪ ಇರುತ್ತದೆ, ಬಣ್ಣ ಮುಗಿಯುತ್ತಾ ಸಣ್ಣ ಆಗುತ್ತದೆ, ಕುಂಚ ಎತ್ತಿದ ಕಡೆ ಸಣ್ಣ ಚುಕ್ಕೆ ಉಳಿಯುತ್ತದೆ. ಇಲ್ಲಿ ಆ ದಪ್ಪ ಸಣ್ಣ ಎಲ್ಲ ಇದೆ, ಆದರೆ ಎರಡರಲ್ಲೂ ಅದೇ ಜಾಗದಲ್ಲಿ ಇದೆ! ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಾಣುತ್ತವೆ. ಪ್ರಿಂಟ್.

ಪ್ರಿಂಟ್ ಮಾಡಿ ಮಾರುವುದು ತಪ್ಪಲ್ಲ. ಪ್ರಿಂಟ್ ಅಂತ ಬರೆದು ಮಾರಬೇಕು, ಅಷ್ಟೆ. ಯಂತ್ರದ್ದನ್ನು ಕೈಯದ್ದು ಅನ್ನುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ತೆಗೆದುಕೊಳ್ಳುತ್ತಾರೆ. ಆನ್‌ಲೈನ್ ಮಾರುಕಟ್ಟೆಗಳಿಗೆ 2020ರ ನಿಯಮ ಬೇರೆ ಇದೆ. ಅವರು ದೂರು ಕೇಳುವ ಒಬ್ಬ ಅಧಿಕಾರಿಯನ್ನು ಇಟ್ಟಿರಬೇಕು, 48 ಗಂಟೆಯೊಳಗೆ ದೂರು ಸಿಕ್ಕಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ನನ್ನ ದುಡ್ಡು ಈ ದಾರಿಯಲ್ಲೇ ವಾಪಸ್ ಬಂತು.

ಈಗ ಸ್ವಿಚ್ ಬೋರ್ಡಿಗೆ ಬರುತ್ತೇನೆ.

ಕವರಿನ ಎಡಗಡೆ ಕೆಳಮೂಲೆಯಲ್ಲಿ ಒಂದು ಖಾಲಿ ಚೌಕ ಇದೆ. ಗೊಂಬೆಗಳ ಸಾಲು ಓಡಿ ಬಂದು ಅಲ್ಲಿ ತಟ್ಟನೆ ನಿಲ್ಲುತ್ತದೆ. ಕೊನೆಯ ಗೊಂಬೆಗೆ ಒಂದೇ ಕೈ. ಇನ್ನೊಂದು ಕೈ ಇರಬೇಕಾದ ಕಡೆ ಈ ಚೌಕ, ಅದರ ಸುತ್ತ ಎರಡು ಎಳೆಯ ಅಂಚು. ಮಾರಾಟದ ಪುಟದ ವಿವರಣೆಯಲ್ಲಿ ಅದಕ್ಕೆ ಅರ್ಥ ಬೇರೆ ಕೊಟ್ಟಿದ್ದರು: 'ಖಾಲಿ ಚೌಕ ಭೂಮಿತಾಯಿಯ ಸಂಕೇತ.'

ಆ ಚೌಕ ನನಗೆ ಚೆನ್ನಾಗಿ ಗೊತ್ತು. ಅದು ನಾನು ಅಕ್ಕ ಅಂತ ಕರೆಯುವ ಪಕ್ಕದ ಊರಿನ ಒಬ್ಬರ ಮನೆಯ ನಡುಮನೆ ಗೋಡೆಯ ಸ್ವಿಚ್ ಬೋರ್ಡ್.

ಮಗನ ಮದುವೆಗೆ ಅಕ್ಕ ಆ ಹಸೆ ಗೋಡೆ ಬರೆದಿದ್ದರು. ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ಅರೆದು ಬಿಳಿ ಮಾಡಿಕೊಂಡು, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ ತೆಗೆದು, ಪುಂಡಿ ನಾರಿನ ಕುಂಚದಲ್ಲಿ. ಗೊಂಬೆ ಸಾಲು ಬಲಕ್ಕೆ ಬರುತ್ತಾ ಬರುತ್ತಾ ಸ್ವಿಚ್ ಬೋರ್ಡ್ ಅಡ್ಡ ಬಂತು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೋರ್ಡ್ ತೆಗೆಸುವಷ್ಟು ಪುರುಸೊತ್ತು ಮದುವೆ ಮನೆಯಲ್ಲಿ ಎಲ್ಲಿ? ಕೊನೆಯ ಗೊಂಬೆಯ ಒಂದು ಕೈ ಬಿಟ್ಟು, ಬೋರ್ಡಿನ ಸುತ್ತ ಎರಡು ಎಳೆ ಸುತ್ತಿಸಿ, ಅದೂ ಚಿತ್ತಾರದ್ದೇ ಭಾಗ ಅನ್ನುವ ಹಾಗೆ ಮಾಡಿಬಿಟ್ಟರು. ಮದುವೆಗೆ ಹೋದವರೆಲ್ಲ ನೋಡಿ ನಕ್ಕಿದ್ದೇವೆ. ಬೋರ್ಡಿರುವುದು ಗೋಡೆಯ ಬಲಕ್ಕೆ. ಕವರಿನಲ್ಲಿ ಎಡಕ್ಕೆ. ಅಂದರೆ ಫೋಟೋ ತೆಗೆದುಕೊಂಡು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಸ್ವಿಚ್ಚುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಪ್ರಿಂಟಿಗೆ ಹಾಕಿದ್ದಾರೆ.

ಅಕ್ಕನಿಗೆ ಕವರ್ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬಟ್ಟೆ ತಿರುಗಿಸಿ ಮುರುಗಿಸಿ ನೋಡಿ, "ಮಾರಾಯ್ತಿ, ನಮ್ಮನೇಲಿ ಬೋರ್ಡ್ ಇತ್ತು ಅಂತ ನಾ ಜಾಗ ಬಿಟ್ಟೆ. ಇವ್ರ ದಿಂಬಿಗೆ ಎಂತಕ್ಕೆ ಬಿಟ್ರು?" ಅಂದರು. ಆಮೇಲೆ ಕೇಳಿದ ಎರಡನೇ ಪ್ರಶ್ನೆ: "ಎಷ್ಟು ಮಾರಿದ್ರಂತೆ?"

ಮಾರಾಟಗಾರರ ಜೊತೆ ಚಾಟ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಕೊಟ್ಟ ಉತ್ತರ ಒಂದೂ ಸರಿ ಇರಲಿಲ್ಲ, ಅದು ಬೇರೆ ವಿಷಯ. ಕೈಕೆಲಸ ಮಾಡಿ ಮಾರುವ ನಮ್ಮಂಥವರ ಗುಂಪುಗಳಲ್ಲೂ ದಿನಾ ಕೇಳಿಸುವ ಮಾತುಗಳೇ ಅವು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲನೇ ಉತ್ತರ, "ಜಾನಪದ ಕಲೆಗೆ ಕಾಪಿರೈಟ್ ಇಲ್ಲ ಮೇಡಂ." ಅರ್ಧ ನಿಜ. ಎಳೆ, ಗೊಂಬೆ ಸಾಲು, ಭತ್ತದ ಸಸಿ, ಹಕ್ಕಿ, ಇವೆಲ್ಲ ತಲೆತಲಾಂತರದಿಂದ ಬಂದವು. ಇವು ನನ್ನವು ಅಂತ ಯಾರೂ ಬೇಲಿ ಹಾಕಲಿಕ್ಕೆ ಆಗುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದು ಒಬ್ಬ ವ್ಯಕ್ತಿ ಮಾಡಿದ ಕೃತಿಯನ್ನು ಕಾಯುತ್ತದೆ, ಒಂದು ಸಮುದಾಯದ ಶೈಲಿಯನ್ನಲ್ಲ. ಆದರೆ ಆ ಎಳೆಗಳನ್ನೇ ತೆಗೆದುಕೊಂಡು, ಆ ಗೋಡೆಯ ಅಳತೆಗೆ, ಆ ಬೋರ್ಡನ್ನು ಸುತ್ತಿಸಿ ಒಬ್ಬರು ಬರೆದ ಚಿತ್ರ ಅವರದ್ದೇ. ರಾಗ ಎಲ್ಲರದ್ದಾದರೂ ಹಾಡಿದ ಕಚೇರಿಯ ರೆಕಾರ್ಡಿಂಗ್ ಎಲ್ಲರದ್ದಲ್ಲ ಅಲ್ವಾ, ಹಾಗೆ. ಅದಕ್ಕೆ ರಿಜಿಸ್ಟ್ರೇಷನ್ ಕೂಡ ಬೇಕಿಲ್ಲ, ಬರೆದು ಮುಗಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ. ಬರೆದವರ ಜೀವಮಾನ, ಆಮೇಲೆ 60 ವರ್ಷ ಇರುತ್ತದೆ.

ಸಮುದಾಯದ ಕಲೆಗೆ ಇನ್ನೊಂದು ರೀತಿಯ ರಕ್ಷಣೆ ಇದೆ, ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದ್ದು ಅಂತ ಸರ್ಕಾರ ಕೊಡುವ ಗುರುತು. ಚನ್ನಪಟ್ಟಣದ ಗೊಂಬೆಗೆ ಇದೆ, ಧಾರವಾಡ ಕಡೆಯ ಕಸೂತಿಗೆ ಇದೆ. ಅದು ಕಾಯುವುದು ಹೆಸರನ್ನು. ಬೇರೆ ಎಲ್ಲೋ ಯಂತ್ರದಲ್ಲಿ ಮಾಡಿದ ಕಟ್ಟಿಗೆ ಗೊಂಬೆಗೆ ಚನ್ನಪಟ್ಟಣ ಅಂತ ಹೆಸರಿಟ್ಟು ಮಾರುವ ಹಾಗಿಲ್ಲ. ಆದರೆ ಕಸೂತಿ ಮಾಡುವ ಒಬ್ಬ ಹೆಂಗಸಿನ ಒಂದು ಹೊಸ ವಿನ್ಯಾಸವನ್ನು ಇನ್ನೊಬ್ಬರು ಎತ್ತಿದರೆ ಜಿಐ ಏನೂ ಮಾಡುವುದಿಲ್ಲ, ಅಲ್ಲಿ ಕಾಪಿರೈಟೇ ಬೇಕು. ಎರಡನ್ನೂ ಕಲಸಿ ಮಾತಾಡುವವರು ಜಾಸ್ತಿ.

ನಾನೂ ನನ್ನ ಚೀಲಗಳ ಅಂಚಿಗೆ ಎಳೆ ಬರೆಯುತ್ತೇನೆ. ನಾನು ದೀವರವಳಲ್ಲ. ಟ್ಯಾಗಿನಲ್ಲಿ 'ಹಸೆ ಚಿತ್ತಾರದಿಂದ ಪ್ರೇರಿತ, ದೀವರ ಹೆಂಗಸರ ಕಲೆ' ಅಂತ ಹಾಕುತ್ತೇನೆ. ಹಾಕದಿದ್ದರೆ ಕಾನೂನು ನನ್ನನ್ನು ಕೇಳುವುದಿಲ್ಲ. ಆದರೆ ಸಾಗರದ ಸಂತೆಗೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಎರಡನೇ ಉತ್ತರ ಬಂತು. "ಮದುವೆಯ ಫೋಟೋಗ್ರಾಫರ್ ಹತ್ರ ಪರ್ಮಿಷನ್ ತಗೊಂಡಿದೀವಿ." ಇದು ಸ್ವಾರಸ್ಯವಾಗಿದೆ. ಫೋಟೋದ ಹಕ್ಕು ಬೇರೆ, ಫೋಟೋದಲ್ಲಿರುವ ಚಿತ್ರದ ಹಕ್ಕು ಬೇರೆ. ಫೋಟೋಗ್ರಾಫರ್ ಒಪ್ಪಿದರೂ ಅಕ್ಕನ ಚಿತ್ರಕ್ಕೆ ಒಪ್ಪಿಗೆ ಸಿಕ್ಕ ಹಾಗಾಗಲಿಲ್ಲ. ಅದಕ್ಕಿಂತ ಮಜಾ ಏನೆಂದರೆ, ಇಲ್ಲಿ ಫೋಟೋವೂ ಅವರದ್ದಲ್ಲ. ಕಾಯ್ದೆಯ 17ನೇ ಕಲಮು ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು, ಬೇರೆ ಒಪ್ಪಂದ ಆಗಿಲ್ಲದಿದ್ದರೆ. ಮದುವೆ ಫೋಟೋದ ದುಡ್ಡು ಅಕ್ಕನ ಮನೆಯವರೇ ಕೊಟ್ಟಿದ್ದು. ಫೋಟೋವೂ ಆ ಮನೆಯದ್ದೇ, ಚಿತ್ತಾರವೂ ಆ ಮನೆಯದ್ದೇ.

ಇದೇ ಕಲಮು ಕಲಾವಿದರ ಕೈಯನ್ನೂ ಕಟ್ಟುತ್ತದೆ. ಆರ್ಡರ್ ತೆಗೆದುಕೊಂಡು ಪೇಂಟಿಂಗ್, ಭಾವಚಿತ್ರ ಮಾಡಿಕೊಡುವವರು ತಿಳಿದಿರಲಿ. ಶಿವಮೊಗ್ಗದ ಯಾರೋ ದುಡ್ಡು ಕೊಟ್ಟು ತಮ್ಮ ನಾಯಿಯ ಚಿತ್ರ ಬರೆಸಿಕೊಂಡರೆ, ಬೇರೆ ಮಾತಾಗಿಲ್ಲದಿದ್ದರೆ, ಅದರ ಹಕ್ಕು ಅವರಿಗೆ ಹೋಗುತ್ತದೆ. ಆಮೇಲೆ ನೀವು ಅದೇ ಚಿತ್ರವನ್ನು ಮಗ್ಗಿನ ಮೇಲೆ ಹಾಕಿ ಮಾರುವ ಹಾಗಿಲ್ಲ. ಹಕ್ಕು ನಿಮ್ಮ ಹತ್ತಿರವೇ ಇರಬೇಕೆಂದರೆ ಆರ್ಡರ್ ತೆಗೆದುಕೊಳ್ಳುವಾಗಲೇ ಒಂದು ಸಾಲು ಬರೆಸಿಕೊಳ್ಳಿ. ಅಕ್ಕ ಬೇರೆಯವರ ಮದುವೆಗೆ ದುಡ್ಡು ತೆಗೆದುಕೊಂಡು ಗೋಡೆ ಬರೆದಿದ್ದರೆ ನಾನು ಇಷ್ಟು ಧೈರ್ಯವಾಗಿ ಮಾತಾಡುತ್ತಿರಲಿಲ್ಲ.

ಮೂರನೇದು ಹಳೇ ಕಥೆ. "ಸ್ವಲ್ಪ ಬದಲಾಯಿಸಿದೀವಿ ಮೇಡಂ. ಇಪ್ಪತ್ತು ಪರ್ಸೆಂಟ್ ಬದಲಾದ್ರೆ ಕಾಪಿ ಆಗಲ್ಲ." ಈ ಪರ್ಸೆಂಟ್ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಆರ್.ಜಿ. ಆನಂದ್ ಕೇಸಿನಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಳತೆಗೋಲು ಸರಳವಾಗಿದೆ. ಎರಡನ್ನೂ ನೋಡಿದವರಿಗೆ ಇದು ಅದರ ನಕಲೇ ಅಂತ ಅನುಮಾನವಿಲ್ಲದೆ ಅನಿಸುತ್ತದಾ? ಕಥೆಯ ಎಳೆ ಒಂದೇ ಆದರೆ ಪರವಾಗಿಲ್ಲ, ಹೇಳಿದ ರೀತಿಯನ್ನು ಎತ್ತಿದರೆ ತಪ್ಪು ಅಂತ ಆ ತೀರ್ಪಿನ ಸಾರ. ಒಂಟಿ ಕೈಯ ಗೊಂಬೆಯನ್ನು ನೋಡಿದ ಮೇಲೆ ಅನುಮಾನ ಯಾರಿಗೆ ಉಳಿಯುತ್ತದೆ ಹೇಳಿ!

ಕೊನೆಗೆ "ಕ್ರೆಡಿಟ್ ಕೊಡ್ತೀವಿ, ಅವರ ಹೆಸರು ಹಾಕ್ತೀವಿ" ಅಂದರು. ಹೆಸರು ಹಾಕಲೇಬೇಕು, ಅದು ಕಾಯ್ದೆಯಲ್ಲೇ ಇರುವ ಹಕ್ಕು, ಚಿತ್ರ ಮಾರಿದ ಮೇಲೂ ಉಳಿಯುವಂಥದ್ದು. ಆದರೆ ಹೆಸರು ಹಾಕಿದರೆ ಒಪ್ಪಿಗೆ ಪಡೆದ ಹಾಗಾಗುವುದಿಲ್ಲ. ಅಕ್ಕನ 'ಎಷ್ಟು ಮಾರಿದ್ರಂತೆ' ಅನ್ನುವ ಪ್ರಶ್ನೆಯನ್ನು ಮುಂದಿಟ್ಟೆ. ಅದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಬಂದದ್ದು ನಗುವ ಒಂದು ಇಮೋಜಿ.

ಮಾರುಕಟ್ಟೆಗೆ ಕಾಪಿರೈಟ್ ದೂರು ಬರೆದದ್ದು ಅಕ್ಕನ ಹೆಸರಿನಲ್ಲಿ, ಅವರ ಸಹಿ ಹಾಕಿಸಿ. ದೂರು ಹಕ್ಕುದಾರರೇ ಕೊಡಬೇಕು, ಕೊಂಡವಳು ನಾನು ಕೊಟ್ಟರೆ ನಡೆಯುವುದಿಲ್ಲ. ಗೋಡೆಯ ಫೋಟೋ, ಕವರಿನ ಫೋಟೋ, ತಿರುಗಿಸಿ ಪಕ್ಕಪಕ್ಕ ಇಟ್ಟ ಫೋಟೋ, ಮೂರೂ ಲಗತ್ತಿಸಿದೆವು. ಪುಟ ಇಳಿಯಿತು. ಬೇರೆ ಇನ್ನೊಂದು ಹೆಸರಿನಲ್ಲಿ ಅದೇ ಒಂಟಿ ಕೈಯ ಗೊಂಬೆ ಈಗ ಟೇಬಲ್ ಮ್ಯಾಟ್ ಆಗಿ ಕಾಣಿಸಿಕೊಂಡಿದೆ, ಇನ್ನೂ ಕಡಿಮೆ ಬೆಲೆಗೆ. ಅದರ ಮೇಲೂ ದೂರು ಹೋಗಿದೆ. ಕೋರ್ಟಿಗೆ ಹೋಗಬೇಕೆಂದರೆ ಬೆಂಗಳೂರಿಗೆ ಅಲೆಯಬೇಕಿಲ್ಲ, ಹಕ್ಕುದಾರರು ತಾವಿರುವ ಜಿಲ್ಲೆಯ ಕೋರ್ಟಿನಲ್ಲೇ ಕೇಸು ಹಾಕಬಹುದು, ಪರಿಹಾರದ ಜೊತೆ ಲಾಭದ ಲೆಕ್ಕವನ್ನೂ ಕೇಳಬಹುದು. ಅಕ್ಕ ಸದ್ಯಕ್ಕೆ ಬೇಡ ಅಂದಿದ್ದಾರೆ. "ದಿಂಬಿನ ಚೀಲಕ್ಕೆ ಶಿವಮೊಗ್ಗ ಕೋರ್ಟು ಹತ್ತದಾ?" ಅಂತ ನಗುತ್ತಾರೆ. ನನಗೆ ಅಷ್ಟು ನಗು ಬರುವುದಿಲ್ಲ.

ಅದೇ ಅಂಗಡಿಯಲ್ಲಿ ಪಿಂಗಾಣಿ ಮಗ್ಗುಗಳೂ ಇವೆ. ಮಗ್ ಗಟ್ಟಿ ಇದೆ, ಹಿಡಿ ಸರಿಯಾಗಿದೆ. ಆದರೆ ಅದರ ಮೇಲೆ ಕುವೆಂಪು ಅವರ ಕವನದ ಸಾಲು. ಅನುಮತಿಯ ಮಾತು ಎಲ್ಲೂ ಇಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. 60 ವರ್ಷ ಸೇರಿಸಿದರೆ ಅವರ ಬರಹದ ಹಕ್ಕು 2054ರ ಕೊನೆಯವರೆಗೂ ಇದೆ. ತೀರ್ಥಹಳ್ಳಿ ನಮ್ಮ ಜಿಲ್ಲೆ, ಕವಿ ನಮ್ಮವರು ಅನ್ನುವ ಅಭಿಮಾನ ಒಳ್ಳೆಯದೇ, ಅದು ಲೈಸೆನ್ಸ್ ಅಲ್ಲ. ಬಸವಣ್ಣ, ಅಕ್ಕಮಹಾದೇವಿಯರ ವಚನ ಹಾಕಿ, ಸರ್ವಜ್ಞನ ತ್ರಿಪದಿ ಹಾಕಿ, ಯಾರನ್ನೂ ಕೇಳಬೇಕಿಲ್ಲ. ಕ್ರೋಶಾ ಗೊಂಬೆ ಹೆಣೆಯುವ ಗೆಳತಿಯರಿಗೂ ಇದೇ ಮಾತು. ಆನೆ, ಗಿಳಿ ಎಷ್ಟು ಬೇಕಾದರೂ ಹೆಣೆಯಿರಿ, ಛೋಟಾ ಭೀಮ್ ಹೆಣೆದು ಮಾರುವ ಮೊದಲು ಯೋಚನೆ ಮಾಡಿ. ಮನೆಯ ಮಗುವಿಗೆ ಹೆಣೆದು ಕೊಟ್ಟರೆ ಯಾರೂ ಬರುವುದಿಲ್ಲ.

ಹಾಗಾದರೆ ಕುಶನ್ ಕವರ್ ಎಲ್ಲಿ ತರಿಸುವುದು ಅಂತ ಕೇಳಿದವರಿಗೆ. ಅಕ್ಕನೇ ಈಗ ಬಟ್ಟೆಯ ಮೇಲೆ ಬರೆದುಕೊಡುತ್ತಾರೆ. ನಾನು ಹೊಲಿದ ಕವರ್, ಅವರ ಚಿತ್ತಾರ. ನಾನು ಪಾಲುದಾರಳಾದ್ದರಿಂದ ಇದಕ್ಕೆ ಸ್ಟಾರ್ ಕೊಡುವುದಿಲ್ಲ, ಕೊರತೆ ಮಾತ್ರ ಹೇಳುತ್ತೇನೆ. ಒಂದೊಂದು ಕವರ್ ಒಂದೊಂದು ಥರ ಇರುತ್ತದೆ, ಜೋಡಿ ಬೇಕೆಂದರೆ ಪೂರ್ತಿ ಜೋಡಿ ಸಿಗುವುದಿಲ್ಲ. ಬೆಲೆ ಪ್ರಿಂಟಿಗಿಂತ ಜಾಸ್ತಿ. ಬಣ್ಣ ಅಂಗಡಿಯ ಫ್ಯಾಬ್ರಿಕ್ ಬಣ್ಣ, ಕೆಮ್ಮಣ್ಣು ಅಕ್ಕಿಹಿಟ್ಟು ಅಲ್ಲ. ಅವು ಗೋಡೆಗೆ ಸರಿ, ಒಗೆಯುವ ಬಟ್ಟೆಗೆ ನಿಲ್ಲುವುದಿಲ್ಲ. ಇದನ್ನೂ ಟ್ಯಾಗಿನಲ್ಲಿ ಬರೆದಿದ್ದೇವೆ.

ಅವರ ಒಂದು ಚಿತ್ರವನ್ನು ನನ್ನ ಚೀಲಗಳಿಗೆ ಸ್ಕ್ರೀನ್ ಪ್ರಿಂಟ್ ಮಾಡಲಿಕ್ಕೂ ಒಪ್ಪಂದ ಆಗಿದೆ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ. ಯಾವ ಚಿತ್ರ, ಯಾವ ವಸ್ತುವಿಗೆ, ಎಷ್ಟು ಪ್ರತಿ, ಎಷ್ಟು ವರ್ಷ, ಒಂದು ಚೀಲಕ್ಕೆ ಅವರಿಗೆ ಎಷ್ಟು. ಬಾಯಿಮಾತು ಇಲ್ಲಿ ನಡೆಯುವುದಿಲ್ಲ, ಬರೆದು ಸಹಿ ಹಾಕಬೇಕು. ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಅಂತ ಓದಿಕೊಳ್ಳುತ್ತದೆ, ಜಾಗ ಬರೆಯದಿದ್ದರೆ ಇಡೀ ಭಾರತ. ಪ್ರತಿಗಳ ಸಂಖ್ಯೆಯನ್ನು ಬೇಕಂತಲೇ 50ಕ್ಕೆ ನಿಲ್ಲಿಸಿದ್ದೇವೆ. ವಸ್ತುವಿಗೆ ಹಾಕುವ ವಿನ್ಯಾಸವನ್ನು 2000ದ ಡಿಸೈನ್ಸ್ ಕಾಯ್ದೆಯಡಿ ರಿಜಿಸ್ಟರ್ ಮಾಡಿಸದೆ, ಹಕ್ಕುದಾರರೋ ಅವರ ಒಪ್ಪಿಗೆ ಪಡೆದವರೋ ಯಂತ್ರದಲ್ಲಿ 50ಕ್ಕಿಂತ ಜಾಸ್ತಿ ಪ್ರತಿ ತೆಗೆದರೆ ಆ ವಿನ್ಯಾಸದ ಕಾಪಿರೈಟ್ ಕಳೆದುಹೋಗುತ್ತದೆ. ಕದ್ದವರು ತೆಗೆದ ಪ್ರತಿ ಈ ಲೆಕ್ಕಕ್ಕೆ ಬರುವುದಿಲ್ಲ, ಪುಣ್ಯ. ಚೀಲ ಚೆನ್ನಾಗಿ ಹೋದರೆ ಮುಂದಿನ ಹೊಸ ಚಿತ್ರವನ್ನು ಮಾರಾಟಕ್ಕೆ ಇಡುವ ಮೊದಲೇ ರಿಜಿಸ್ಟರ್ ಮಾಡಿಸುವುದು ಅಂತ ಮಾತಾಗಿದೆ.

ಕವರ್ ಬೇಕಾದವರು ಮಳೆಗಾಲದಲ್ಲೇ ಹೇಳಿಬಿಡಿ. ಅಡಿಕೆ ಕೊನೆ ಕೊಯ್ಲು ಶುರುವಾದರೆ ಅಕ್ಕ ಸುಲಿಯಲಿಕ್ಕೆ ಕೂರುತ್ತಾರೆ, ಕೈಯೆಲ್ಲ ಕರೆ, ಕುಂಚ ಮುಟ್ಟುವುದಿಲ್ಲ. ಆಗ ಮೆಸೇಜ್ ಮಾಡಿ ಯಾವಾಗ ಬರುತ್ತೆ, ಯಾವಾಗ ಬರುತ್ತೆ ಅಂತ ಕೇಳಬೇಡಿ. ಅಡಿಕೆ ಮುಗಿದ ಮೇಲೆ ಬರುತ್ತೆ.